ಹಾಗೋಪನಿಗೆ ಕೊಟ್ಟ ಮೇಲೆ

ಹೋದ ಜುಲೈನಲ್ಲಿ ಲೆಸ್ಟರಿನಲ್ಲಿ ನಮ್ಮ ಕನ್ನಡದವರ ಊಟದ ಕೂಟವೊಂದಿತ್ತು. ಬಿಸಿಬೇಳೆಬಾತು, ಮೊಸರನ್ನ ಎಲ್ಲ ಮುಗಿದು ಕಾಗದದ ತಟ್ಟೆಯಲ್ಲಿ ಹಣ್ಣು ಬಂತು. ಕಪ್ಪು ದ್ರಾಕ್ಷಿ, ಸಿಪ್ಪೆಯ ಮೇಲಿನ ಬೂದಿ ಇನ್ನೂ ಹೋಗಿರಲಿಲ್ಲ. ನಾನು ತಟ್ಟೆಯನ್ನು ಹಾಗೇ ಪಕ್ಕದವರಿಗೆ ದಾಟಿಸಿದೆ.

"ಯಾಕ್ರೀ ಡಾಕ್ಟ್ರೇ, ಶುಗರ್ ಇದ್ಯಾ?" ಎಂದರು ಪಕ್ಕದಲ್ಲಿದ್ದ ಹೆಂಗಸು.

ಇಲ್ಲವೆಂದೆ. "ಹಂಗಾದ್ರೆ ಏನಾದ್ರೂ ವ್ರತಾನಾ? ಆಷಾಢದಲ್ಲಿ ದ್ರಾಕ್ಷಿ ಬಿಡೋ ವ್ರತ ನಾನಂತೂ ಕೇಳಿಲ್ಲಪ್ಪ."

ಹೌದೆಂದರೆ ಯಾವ ದೇವರದ್ದು ಎಂದು ಕೇಳುತ್ತಾರೆ. ಇಲ್ಲವೆಂದರೆ ಸುಳ್ಳಾಗುತ್ತದೆ. "ಆಗಸ್ಟ್‌ನಲ್ಲಿ ತಿಂತೀನಿ" ಎಂದಷ್ಟೇ ಹೇಳಿ ಕೈತೊಳೆಯಲು ಎದ್ದೆ. ಡಾಕ್ಟರಿಗೆ ತಲೆ ಸ್ವಲ್ಪ ಸಡಿಲವಾಗಿದೆ ಎಂದುಕೊಂಡಿರಬೇಕು ಪಾಪ. ಆದರೆ ತಟ್ಟೆ ಹಿಡಿದ ಬೆರಳಲ್ಲಿ ಆ ಹುಳಿಸಿಹಿ ವಾಸನೆ ಉಳಿದುಬಿಟ್ಟಿತ್ತು. ಮ್ಯಾಂಚೆಸ್ಟರಿನವರೆಗೆ ಕಾರು ಓಡಿಸಿಕೊಂಡು ಬರುವಷ್ಟು ಹೊತ್ತೂ ಪಕ್ಕದ ಮನೆಯ ಶೂಶಾನ್ ಆಂಟಿಯ ಆ ಒಂದು ಬೇಸಿಗೆಯೇ ತಲೆಯಲ್ಲಿತ್ತು.

ಅದು ಮ್ಯಾಂಚೆಸ್ಟರಿಗೆ ಸೆಕೆ ಬಂದ ವರ್ಷ. ಇಲ್ಲಿನ ಮನೆಗಳನ್ನು ಕಟ್ಟಿರುವುದೇ ಚಳಿಗೆ. ಸೆಕೆ ಒಳಗೆ ಹೊಕ್ಕರೆ ಹೊರಗೆ ಹೋಗುವ ದಾರಿಯೇ ಅದಕ್ಕೆ ಗೊತ್ತಿಲ್ಲ. ನಾನು ವಿದನ್‌ಶಾದ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ, ಡ್ಯೂಟಿಯ ರೋಟಾ ನೋಡಿಕೊಂಡು ಬದುಕುವವಳು. ಗಂಡನಿಗೆ ಆಗ ಲೀಡ್ಸಿನಲ್ಲಿ ಕೆಲಸ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಡಿಡ್ಸ್‌ಬರಿಯ ಮನೆಯಲ್ಲಿ ಇದ್ದದ್ದು ನಾನು, ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ನನ್ನ ಅತ್ತೆ.

ಅತ್ತೆ ಸಾವಿತ್ರಮ್ಮ ಸುಮ್ಮನೆ ಕೂರುವ ಜಾತಿಯವರಲ್ಲ. ಬಂದ ವಾರದಲ್ಲೇ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸ್ಥಳಾಂತರ ಮಾಡಿ, ಸೊಸೆಯ ಸಾರಿನಪುಡಿಗೆ ಒಂದು ನಿಟ್ಟುಸಿರು ಬಿಟ್ಟು, ಬೇಲಿಯಾಚೆ ಯಾರಿದ್ದಾರೆಂದು ವಿಚಾರಣೆ ಶುರುಮಾಡಿದರು. ಒಂದು ದಿನ ಕೆಲಸದಿಂದ ಬಂದವಳನ್ನು ಬಾಗಿಲಲ್ಲೇ ತಡೆದು, "ಆ ಪಕ್ಕದ್ಮನೆ ಅಜ್ಜಿ ಗೋಡೆ ಮೇಲಿನ ಬಳ್ಳಿಯಿಂದ ಬುಟ್ಟಿ ತುಂಬ ಎಲೆ ಕಿತ್ಕೊಂಡ್ಹೋಯ್ತು ಕಣೇ. ಹಸು ಏನಾದ್ರೂ ಸಾಕಿದ್ಯಾ?" ಎಂದರು.

ಮರುದಿನ ಆ ದ್ರಾಕ್ಷಿ ಎಲೆಗಳೇ ನಮ್ಮ ಮನೆಗೆ ಬಂದವು, ಒಳಗೆ ಹುಳಿಹುಳಿಯಾದ ಅನ್ನ ತುಂಬಿ ಬೆರಳಿನಂತೆ ಸುತ್ತಿದ್ದವು. ಮಾಂಸ ಇಲ್ಲವೆಂದು ನನ್ನಿಂದ ಮೂರು ಸಲ ಕೇಳಿಸಿ ಖಾತ್ರಿ ಮಾಡಿಕೊಂಡ ಮೇಲೆ ಅತ್ತೆ ಒಂದನ್ನು ಬಾಯಿಗಿಟ್ಟರು. "ಪುಳಿಯೋಗರೆನ ಎಲೇಲಿ ಸುತ್ತಿದ್ಹಂಗಿದೆ. ಒಗ್ಗರಣೆ ಒಂದಿಲ್ಲ ಅಷ್ಟೆ" ಎಂದು ಒಂಬತ್ತೋ ಹತ್ತೋ ತಿಂದರು. ಅಂದಿನಿಂದ ಮಧ್ಯಾಹ್ನಗಳಲ್ಲಿ ಇಬ್ಬರೂ ಬಳ್ಳಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಅತ್ತೆ ಕನ್ನಡದಲ್ಲಿ, ಆಂಟಿ ಅರ್ಮೇನಿಯನ್ ಭಾಷೆಯಲ್ಲಿ. ಇಬ್ಬರಿಗೂ ಮಾತು ಮುಗಿಯುತ್ತಿರಲಿಲ್ಲ.

ಶೂಶಾನ್ ಆಂಟಿ ಹುಟ್ಟಿದ್ದು ಸಿರಿಯಾದ ಅಲೆಪ್ಪೊದಲ್ಲಿ. ಅವರ ಅಮ್ಮನ ಊರು ಖಾರ್ಪೆರ್ಟ್, ಈಗ ಅದು ಟರ್ಕಿಯಲ್ಲಿದೆ. ಮದುವೆಯಾಗಿ ಬಂದದ್ದು ಮ್ಯಾಂಚೆಸ್ಟರಿಗೆ. ಹತ್ತಿಬಟ್ಟೆಯ ವ್ಯಾಪಾರಕ್ಕೆಂದು ಅರ್ಮೇನಿಯನ್ನರು ವಿಕ್ಟೋರಿಯಾ ರಾಣಿಯ ಕಾಲದಲ್ಲೇ ಇಲ್ಲಿಗೆ ಬಂದು ಒಂದು ಸಣ್ಣ ಚರ್ಚು ಕಟ್ಟಿಕೊಂಡಿದ್ದರಂತೆ. ಅರ್ಮೇನಿಯಾ ಎಂಬ ದೇಶವನ್ನು ಮಾತ್ರ ಆಂಟಿ ಕಣ್ಣಲ್ಲಿ ಕಂಡವರಲ್ಲ. ನಿಮ್ಮೂರು ಯಾವುದೆಂದು ಯಾರಾದರೂ ಕೇಳಿದರೆ, "ಉದ್ದದ ಉತ್ತರ ಬೇಕೋ, ಗಿಡ್ಡದ್ದೋ?" ಎನ್ನುತ್ತಿದ್ದರು. ಗಿಡ್ಡ ಉತ್ತರ ಡಿಡ್ಸ್‌ಬರಿ. ಪ್ರತಿ ವರ್ಷ ಏಪ್ರಿಲ್ ಇಪ್ಪತ್ತನಾಲ್ಕರಂದು ನೇರಳೆ ಹೂವಿನ ಬಿಲ್ಲೆಯೊಂದನ್ನು ಎದೆಗೆ ಚುಚ್ಚಿಕೊಂಡು ಚರ್ಚಿಗೆ ಹೋಗುತ್ತಿದ್ದರು. ೧೯೧೫ರಲ್ಲಿ ಟರ್ಕಿಯ ಆಟೋಮನ್ ಸರ್ಕಾರ ಮನೆಮಠ ಬಿಡಿಸಿ ಅಟ್ಟಿ, ಕೊಂದ ಅರ್ಮೇನಿಯನ್ನರ ನೆನಪಿನ ದಿನ ಅದು. ವಾಪಸು ಬಂದ ಮೇಲೆ ಬಿಲ್ಲೆ ತೆಗೆದು ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಅದರ ಬಗ್ಗೆ ಅವರು ಮಾತಾಡಿದ್ದಿಲ್ಲ, ನಾನೂ ಕೇಳಿದ್ದಿಲ್ಲ.

ಜೂನಿನಲ್ಲಿ ಅವರ ಅನ್ನನಾಳದಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಆ ವಯಸ್ಸಿಗೆ, ಆ ಮೈಗೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ಮನೆಗೆ ಹೋಗಿ ಇಷ್ಟವಾದದ್ದು ತಿನ್ನಲಿ ಎಂದು ಕಳಿಸಿದರು. ವೈದ್ಯರು ಹಾಗೆ ಹೇಳಿದರೆ ಅರ್ಥವೇನೆಂದು ನನಗೆ ಗೊತ್ತು, ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಒಬ್ಬಳೇ ಮಗಳು ನೋರಾ ಲೆಮಿಂಗ್ಟನ್ ಸ್ಪಾದಿಂದ ಬಂದು ನಿಂತಳು. ವಿಡಿಯೋ ಗೇಮ್ ತಯಾರಿಸುವ ಕಡೆ ಕೆಲಸ ಅವಳದು, ಎಲ್ಲೂ ಇಲ್ಲದ ಊರುಗಳಿಗೆ ಮನೆ, ಮರ, ಬೀದಿ ಬಿಡಿಸುವುದು. ಅಮ್ಮನ ಊಟದ ಮೇಜಿನ ಮೇಲೆ ಎರಡು ದೊಡ್ಡ ಪರದೆ ಇಟ್ಟುಕೊಂಡು ಅಲ್ಲಿಂದಲೇ ಕೆಲಸ ಮಾಡುತ್ತಿದ್ದಳು. ಐವತ್ತು ದಾಟಿದವಳು, ನೇರ ಮಾತಿನವಳು. ಅಮ್ಮ ಅರ್ಮೇನಿಯನ್‌ನಲ್ಲಿ ಮಾತಾಡಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ. ಅವಳು ಆಡಿದ್ದೆಲ್ಲ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ, ಯಾಕೆಂದರೆ ಪ್ರತಿ ಮಾತನ್ನೂ ಅತ್ತೆಗೆ ಒಪ್ಪಿಸಬೇಕಿತ್ತು.

ಜುಲೈ ಹೊತ್ತಿಗೆ ಆಂಟಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಏನು ತಿನ್ನಬೇಕೆನಿಸುತ್ತದೆ ಎಂದು ನೋರಾ ದಿನಾ ಕೇಳುತ್ತಿದ್ದಳು. ಒಂದು ದಿನ ಆಂಟಿ "ದ್ರಾಕ್ಷಿ" ಎಂದರು. ನೋರಾ ಓಡಿಹೋಗಿ ಅಂಗಡಿಯಲ್ಲಿದ್ದ ಎಲ್ಲ ಬಗೆಯನ್ನೂ ತಂದಳು. ನಾನು ಸಿಪ್ಪೆ, ಬೀಜ ತೆಗೆದು ರಸ ಹಿಂಡಿ ಚಮಚದಲ್ಲಿ ಕೊಡಬಹುದೆಂದು ತೋರಿಸಿಕೊಟ್ಟೆ. ಆಂಟಿ ಬಾಯಿ ತೆರೆಯಲಿಲ್ಲ. "ಬಟ್ಟಲಲ್ಲಿ ಹಾಕಿ ಇಲ್ಲಿಡು, ನೋಡ್ತಿರ್ತೀನಿ. ಹಬ್ಬ ಆದ್ಮೇಲೆ ತಿಂತೀನಿ" ಎಂದರು.

ಅರ್ಮೇನಿಯನ್ನರಲ್ಲಿ ಆಗಸ್ಟ್ ನಡುವಿನ ಒಂದು ಭಾನುವಾರ ಚರ್ಚಿನಲ್ಲಿ ದ್ರಾಕ್ಷಿಯನ್ನು ಹರಸುತ್ತಾರೆ. ಅಲ್ಲಿಯವರೆಗೆ ಆ ವರ್ಷದ ದ್ರಾಕ್ಷಿಯನ್ನು ತಿನ್ನಬಾರದು. ನಮ್ಮಲ್ಲಿ ಹೊಸಕ್ಕಿಯನ್ನು ದೇವರಿಗೆ ತೋರಿಸದೆ ಉಣ್ಣುವುದಿಲ್ಲವಲ್ಲ, ಹಾಗೆ. ಆದರೆ ಹಬ್ಬಕ್ಕೆ ಇನ್ನೂ ವಾರಗಟ್ಟಲೆ ಇತ್ತು, ಆಂಟಿಗೆ ಅಷ್ಟು ದಿನ ಇರಲಿಲ್ಲ. ಇದು ನನಗೂ ಗೊತ್ತಿತ್ತು, ನೋರಾಗೂ ಗೊತ್ತಿತ್ತು, ಆಂಟಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆ ಮಧ್ಯಾಹ್ನವೇ ಆಂಟಿ ನನಗೂ ಅತ್ತೆಗೂ ಇಂಗ್ಲಿಷಿನಲ್ಲಿ ಹಾಗೋಪನ ಕಥೆ ಹೇಳಿದ್ದು. ಅವರ ಉಸಿರು ನಿಂತು ನಿಂತು ಬರುತ್ತಿತ್ತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ.

ಖಾರ್ಪೆರ್ಟಿನಿಂದ ಹೊರಡಿಸಿದಾಗ ಆಂಟಿಯ ಅಮ್ಮನಿಗೆ ಹತ್ತು ವರ್ಷ, ಅವಳ ತಮ್ಮ ಹಾಗೋಪನಿಗೆ ಐದು. ಅದೂ ಬೇಸಿಗೆಯೇ. ಗಂಡಸರನ್ನು ಮೊದಲೇ ಕರೆದೊಯ್ದು ಮುಗಿಸಿದ್ದರು. ಹೆಂಗಸರು, ಮಕ್ಕಳು ಸಾಲಾಗಿ ನಡೆಯುವಾಗ ದಾರಿ ಅವರದೇ ದ್ರಾಕ್ಷಿ ತೋಟದ ಪಕ್ಕದಲ್ಲಿ ಹಾದುಹೋಯಿತು. ಕಾಯಿ ಆಗತಾನೇ ಬಣ್ಣ ತಿರುಗುತ್ತಿತ್ತು. ಹಾಗೋಪ ಸಾಲು ಬಿಟ್ಟು ಓಡಿ ಒಂದು ಗೊಂಚಲಿಗೆ ಕೈ ಹಾಕಿದ. ಅವನ ತಾಯಿ ಕೈ ಮೇಲೆ ಹೊಡೆದು ಎಳೆದುಕೊಂಡು ಬಂದಳು. ಇನ್ನೂ ಹರಸಿಲ್ಲ ಮಗಾ, ಪಾಪ ಬರುತ್ತೆ, ಹಬ್ಬ ಆದಮೇಲೆ ತಿನ್ನುವಿಯಂತೆ ಎಂದಳು. ಹಬ್ಬದ ಹೊತ್ತಿಗೆ ಮನೆಗೆ ಮರಳುತ್ತೇವೆಂದೇ ಅವಳು ನಂಬಿದ್ದಳು. ಹಬ್ಬ ಬರುವ ಮೊದಲೇ, ಮರಳುಗಾಡಿನ ದಾರಿಯಲ್ಲಿ, ದ್ರಾಕ್ಷಿ ಬೇಕೆಂದು ಕೇಳುತ್ತಲೇ ಹಾಗೋಪ ಸತ್ತ. ಅವನ ಹಿಂದೆಯೇ ತಾಯಿ. ಅಲೆಪ್ಪೊದ ಅನಾಥಾಲಯ ಮುಟ್ಟಿದ್ದು ಹತ್ತು ವರ್ಷದ ಆ ಹುಡುಗಿ ಒಬ್ಬಳೇ.

"ನಮ್ಮಮ್ಮ ಸಾಯೋವರೆಗೂ ಹಬ್ಬಕ್ಕೆ ಮುಂಚೆ ದ್ರಾಕ್ಷಿ ಮುಟ್ಟಲಿಲ್ಲ" ಎಂದರು ಆಂಟಿ. "ಹಬ್ಬದ ದಿನ ಮೊದಲ ಹಣ್ಣು ಹಾಗೋಪನಿಗೆ. ಒಂದು ಬಸಿಯಲ್ಲಿ ಕಿಟಕಿ ಹತ್ತಿರ ಇಡೋದು. ಅವನಿಗೆ ಕೊಟ್ಟ ಮೇಲೆ ನಮಗೆ. ಚಿಕ್ಕವಳಿದ್ದಾಗ ನಾನು ಜಗಳ ಆಡಿದ್ದೆ, ಇಂಥ ಕೆಟ್ಟ ನಿಯಮ ಯಾಕೆ ಇಟ್ಕೊಂಡಿದೀಯಾ ಅಂತ. ಅಮ್ಮ ಹೇಳಿದ್ಲು, ಈಗ ನಾನು ಮುರಿದ್ರೆ, ಅವತ್ತು ನಂಗೆ ಯಾಕೆ ಕೊಡಲಿಲ್ಲ ಅಂತ ಅವನು ಕೇಳಿದ್ರೆ ಏನು ಹೇಳ್ಲಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಆ ಮಗುಗೆ ಎಡೆ ಇಡೋರು ಇವರೊಬ್ಬರೇನಾ? ಇವರ ನಂತರ ಯಾರು? ಕೇಳು" ಎಂದರು. ಇದನ್ನು ಹೇಗೆ ಕೇಳುವುದೆಂದು ನಾನು ಒದ್ದಾಡಿ, ಹೇಗೋ ಕೇಳಿದೆ. ಆಂಟಿ ಪಕ್ಕದ ಕೋಣೆಯಲ್ಲಿ ಪರದೆಗಳ ಮುಂದೆ ಬೆನ್ನು ತಿರುಗಿಸಿ ಕೂತಿದ್ದ ಮಗಳನ್ನು ನೋಡಿದರು.

ನೋರಾಗೆ ಈ ಕಥೆ ಹೊಸದಲ್ಲ, ಅವಳು ಅದನ್ನು ದ್ವೇಷಿಸುತ್ತಿದ್ದಳು. ಅಂದು ಅಡುಗೆಮನೆಯಲ್ಲಿ ನನ್ನೆದುರು ಸಿಡಿದಳು. "ಆ ನಿಯಮ ಒಂದು ಮಗುವಿನ ಬಾಯಿಂದ ಹಣ್ಣು ಕಿತ್ಕೊಂಡಿದೆ. ಈಗ ನನ್ನಮ್ಮನ ಬಾಯಿಂದ ಕಿತ್ಕೊಳ್ತಿದೆ. ನಾನು ಸುಮ್ಮನೆ ನೋಡ್ಬೇಕಾ? ನೀವು ಡಾಕ್ಟರ್, ನೀವಾದ್ರೂ ಹೇಳಿ ಅವಳಿಗೆ." ಆ ರಸದಿಂದ ಆಂಟಿಯ ಆಯುಷ್ಯ ಒಂದು ದಿನವೂ ಹೆಚ್ಚುತ್ತಿರಲಿಲ್ಲ. ಬಾಯಿ ತಂಪಾಗುತ್ತಿತ್ತು, ಅಷ್ಟೆ. ಆದರೆ ಮಗಳಿಗೆ ಕೊಡಬೇಕೆನಿಸಿದ್ದೂ ಅಷ್ಟನ್ನೇ.

ನೋರಾ ಚರ್ಚಿನ ಪಾದ್ರಿಗಳನ್ನು ಕರೆಸಿದಳು. ವಯಸ್ಸಾದ, ಮೆದು ದನಿಯ ಮನುಷ್ಯ. ರೋಗಿಗಳಿಗೆ ಈ ಕಟ್ಟು ಇಲ್ಲವೆಂದರು. ಬೇಕಾದರೆ ಈಗಲೇ, ಇಲ್ಲೇ ಹರಸುತ್ತೇನೆ ಎಂದು ಹಾಸಿಗೆಯ ಪಕ್ಕ ನಿಂತರು. ಆಂಟಿ ಅವರ ಕೈಗೆ ಮುತ್ತಿಟ್ಟು, ಬೇಡವೆಂದರು.

"ಹಾಗೋಪನಿಗೋಸ್ಕರ ಯಾರೂ ಹಬ್ಬವನ್ನು ಮುಂಚೆಯೇ ತರಲಿಲ್ಲ, ಫಾದರ್."

ಪಾದ್ರಿಗಳು ಮತ್ತೆ ಒತ್ತಾಯಿಸಲಿಲ್ಲ. ಪ್ರಾರ್ಥನೆ ಹೇಳಿ, ನೋರಾ ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಹೊರಟರು.

ಇಷ್ಟಾದ ಮೇಲೂ ಅತ್ತೆಗೆ ಬೇರೆ ದಾರಿಯೊಂದು ಹೊಳೆದಿತ್ತು. ಮಾರನೆಯ ಬೆಳಿಗ್ಗೆ ಮಡಿಯುಟ್ಟು, ನಮ್ಮ ಮನೆಯ ಗಣಪತಿಯ ಮುಂದೆ ದ್ರಾಕ್ಷಿಯಿಟ್ಟು, ತುಪ್ಪದ ದೀಪ ಹಚ್ಚಿ ನೈವೇದ್ಯ ಮಾಡಿದರು. ಆಮೇಲೆ ಬೆಳ್ಳಿಯ ಬಟ್ಟಲನ್ನು ಸೆರಗಲ್ಲಿ ಮುಚ್ಚಿಕೊಂಡು, ನನ್ನನ್ನು ಮುಂದೆ ಮಾಡಿಕೊಂಡು ಆಂಟಿಯ ಹಾಸಿಗೆಯ ಹತ್ತಿರ ಬಂದರು. "ಅವರ ಚರ್ಚಲ್ಲಿ ಆಗಿಲ್ದಿದ್ರೆ ಏನಂತೆ, ನಮ್ಮ ದೇವರಿಗೆ ಆಗಿದೆ. ದೇವರು ದೇವರೇ ಅಲ್ವಾ? ಪ್ರಸಾದಕ್ಕೆ ಯಾರೂ ಬೇಡ ಅನ್ನಬಾರ್ದು. ಹೇಳು ಅವರಿಗೆ."

ಹೇಳಿದೆ. ಬಾಗಿಲಲ್ಲಿ ನಿಂತಿದ್ದ ನೋರಾಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ ನನಗೆ ನೋಡಲಾಗಲಿಲ್ಲ. ಆಂಟಿ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿದರು. ಕರ್ಪೂರದ ವಾಸನೆ ಬಂದಿರಬೇಕು, ಕಣ್ಣು ಮುಚ್ಚಿಕೊಂಡರು. ನಂತರ ನನಗೆ, "ನಿಮ್ಮ ಅತ್ತೆ ಯಾವುದಾದ್ರೂ ತಿನ್ನೋದನ್ನ ಬಿಟ್ಟಿದ್ದಾರಾ, ಕೇಳು" ಎಂದರು.

ಅತ್ತೆ ಬಿಟ್ಟಿದ್ದರು. ಮಾವ ಹೋದ ಮೇಲೆ ಕಾಶಿಗೆ ಹೋದವರು ಅಲ್ಲಿ ಸೀಬೆಹಣ್ಣು ಬಿಟ್ಟು ಬಂದಿದ್ದರು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಡಬೇಕೆಂಬುದು ನಮ್ಮ ಕಡೆಯ ರೂಢಿ. ಮಾವ ದಿನಾ ಸಂಜೆ ಉಪ್ಪುಖಾರ ಹಾಕಿಸಿ ತರುತ್ತಿದ್ದ ಹಣ್ಣು ಅದು. ಅತ್ತೆ ಇದನ್ನೆಲ್ಲ ಹೇಳಿದರು, ನಾನು ಇಂಗ್ಲಿಷಿಗೆ ತಂದೆ.

"ಸೀಬೆಹಣ್ಣನ್ನ ಪ್ರಸಾದ ಅಂತ ಯಾರಾದ್ರೂ ಕೊಟ್ರೆ ತಿಂತಾರಾ?" ಎಂದರು ಆಂಟಿ.

ಅತ್ತೆ ಬಟ್ಟಲನ್ನು ವಾಪಸು ತೆಗೆದುಕೊಂಡು ನನ್ನ ಕೈಗೆ ಕೊಟ್ಟರು. ಹಾಸಿಗೆಯ ಅಂಚಿನಲ್ಲಿ ಕೂತು ಆಂಟಿಯ ಪಾದ ನೀವುತ್ತಾ, "ಸರಿ ಬಿಡಿ. ನಿಮ್ಮ ಹಬ್ಬದವರ್ಗೂ ನಾನೂ ಮುಟ್ಟಲ್ಲ. ಜೊತೆಗಿರ್ತೀನಿ" ಎಂದರು. ಇದನ್ನು ನಾನು ಹೇಳುವ ಮೊದಲೇ ಆಂಟಿ ತಲೆಯಾಡಿಸಿದರು. "ಹೋಕಿಸ್" ಎಂದರು, ಅವರ ಭಾಷೆಯಲ್ಲಿ ನನ್ನ ಜೀವವೇ ಎಂದು.

ಪ್ರಸಾದ ಚೆಲ್ಲುವಂತಿಲ್ಲ. ನಾನೂ ನೋರಾಳೂ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಬಟ್ಟಲು ಖಾಲಿ ಮಾಡಿದೆವು. "ಜುಲೈನಲ್ಲಿ ನಾನು ಎಷ್ಟೋ ಸಲ ದ್ರಾಕ್ಷಿ ತಿಂದಿದೀನಿ. ಇಷ್ಟು ನಾಚಿಕೆ ಯಾವತ್ತೂ ಆಗಿರ್ಲಿಲ್ಲ" ಎಂದಳು ನೋರಾ. ನನಗೆ ನಗು ಬಂತು. ಅವಳೂ ನಕ್ಕಳು, ನಗುತ್ತಲೇ ಅತ್ತಳು.

ಆಗಸ್ಟ್ ಬಂತು. ನೋವಿನ ಔಷಧಿಯ ಮಂಪರಿನಲ್ಲಿ ಆಂಟಿಗೆ ದಿನದ ಲೆಕ್ಕ ತಪ್ಪಿತ್ತು. ಕಣ್ಣು ಬಿಟ್ಟಾಗಲೆಲ್ಲ "ಇವತ್ತು ಹಬ್ಬದ ಭಾನುವಾರಾನಾ?" ಎಂದು ಕೇಳುತ್ತಿದ್ದರು. ನೋರಾ ನನ್ನನ್ನು ಪಕ್ಕಕ್ಕೆ ಕರೆದು, "ಈ ಭಾನುವಾರ ಹೌದು ಅಂತೀನಿ. ಹರಸಿ ತಂದಿದ್ದು ಅಂತ ಹೇಳಿ ಕೊಟ್ಬಿಡ್ತೀನಿ. ಅವಳಿಗೆ ಗೊತ್ತಾಗಲ್ಲ ಅಲ್ವಾ?" ಎಂದಳು. ಗೊತ್ತಾಗುತ್ತಿರಲಿಲ್ಲ. ಎಚ್ಚರದ ಅಂಚು ಎಲ್ಲಿದೆಯೆಂದು ತಿಳಿಯುವುದೇ ನನ್ನ ಕಸುಬು. ಹಾಗೆಂದು ಹೇಳಿದೆ, ಮುಂದಿನದು ಅವಳಿಗೆ ಬಿಟ್ಟದ್ದು ಎಂದೂ ಹೇಳಿದೆ.

ಹಬ್ಬದ ಹಿಂದಿನ ವಾರದ ಭಾನುವಾರ, ಬೆಳಿಗ್ಗೆ. ಕಿಟಕಿ ತೆರೆದಿತ್ತು, ಹೊರಗೆ ಬಳ್ಳಿಯ ಎಲೆಗಳು ಸೆಕೆಗೆ ಮುದುರಿದ್ದವು. ನೋರಾ ರಸ ತುಂಬಿದ ಚಮಚ ಹಿಡಿದು ಅಮ್ಮನ ಪಕ್ಕ ಕೂತಿದ್ದಳು. ನಾನೂ ಅತ್ತೆಯೂ ಹಾಸಿಗೆಯ ಕಾಲ ಬಳಿ ನಿಂತಿದ್ದೆವು. ಆಂಟಿ ಕಣ್ಣು ಬಿಟ್ಟು ಚಮಚ ನೋಡಿದರು, ಮಗಳನ್ನು ನೋಡಿದರು, ಅದನ್ನೇ ಕೇಳಿದರು. ನೋರಾ ಬಾಯಿ ತೆರೆದಳು. ಚಮಚವನ್ನು ಕೆಳಗಿಟ್ಟಳು.

"ಇಲ್ಲ ಮಮ್ಮಾ" ಎಂದಳು. "ಮುಂದಿನ ಭಾನುವಾರ."

ಅದನ್ನು ಅವಳು ಹೇಳಿದ್ದು ಅರ್ಮೇನಿಯನ್ ಭಾಷೆಯಲ್ಲಿ. ಮಗಳ ಬಾಯಲ್ಲಿ ಆ ಭಾಷೆ ಕೇಳಿ ಎಷ್ಟು ವರ್ಷವಾಗಿತ್ತೋ, ಆಂಟಿ ಅವಳ ಕೆನ್ನೆ ಸವರಿ ಏನೋ ಹೇಳಿದರು. ಏನೆಂದರು ಎಂದು ಆಮೇಲೆ ಕೇಳಿದೆ. "ಹಾಗೋಪನಿಗೆ ನೀನು ಕೊಡು ಅಂದ್ಲು" ಎಂದಳು ನೋರಾ, ತಲೆ ಎತ್ತದೆ. ಮುಂದಿನ ಭಾನುವಾರಕ್ಕೆ ಆಂಟಿ ಇರಲಿಲ್ಲ. ಬುಧವಾರ ಮಧ್ಯಾಹ್ನ, ಅತ್ತೆ ಪಕ್ಕದಲ್ಲಿ ಕೂತು ವಿಷ್ಣು ಸಹಸ್ರನಾಮ ಹೇಳುತ್ತಿರುವಾಗ, ಹೊರಟುಹೋದರು.

ಹಬ್ಬದ ದಿನ ನಾವು ಮೂವರೂ ಚರ್ಚಿಗೆ ಹೋದೆವು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ವೇದಿಕೆಯ ಮುಂದೆ ಮೇಜಿನ ತುಂಬ ದ್ರಾಕ್ಷಿ ರಾಶಿ ಹಾಕಿದ್ದರು, ಧೂಪದ ಹೊಗೆಯಲ್ಲಿ ಪಾದ್ರಿಗಳು ಹಾಡುತ್ತಾ ಅದನ್ನು ಹರಸಿದರು. "ನಮ್ಮ ಪೂಜೆ ಹಂಗೇ ಇದೆ, ಗಂಟೆ ಒಂದು ಕಮ್ಮಿ" ಎಂದು ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟುವುದಕ್ಕೂ, ಸಣ್ಣ ಗೆಜ್ಜೆಗಳ ಕೋಲೊಂದನ್ನು ಯಾರೋ ಝಲ್ಲೆನಿಸುವುದಕ್ಕೂ ಸರಿಹೋಯಿತು. ಎಲ್ಲರಿಗೂ ಒಂದೊಂದು ಸಣ್ಣ ಚೀಲ ಕೊಟ್ಟರು. ಜನ ಅಲ್ಲೇ ತಿನ್ನತೊಡಗಿದರು. ನೋರಾ ತಿನ್ನಲಿಲ್ಲ, ನಾವೂ ತಿನ್ನಲಿಲ್ಲ.

ಆ ಹಬ್ಬದ ಮಾರನೆಯ ದಿನ ಅವರಲ್ಲಿ ಸತ್ತವರ ದಿನ. ಸ್ಮಶಾನದಲ್ಲಿ ಆಂಟಿಯ ಮಣ್ಣು ಇನ್ನೂ ಹಸಿಯಾಗಿತ್ತು. ಪಾದ್ರಿಗಳು ಪ್ರಾರ್ಥನೆಯಲ್ಲಿ ಸೇರಿಸಲು ತೀರಿಹೋದವರ ಹೆಸರು ಕೇಳಿದರು. ನೋರಾ ಅಮ್ಮನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಅಜ್ಜಿಯ ಹೆಸರು ಹೇಳಿದಳು. ಸ್ವಲ್ಪ ತಡೆದು, "ಹಾಗೋಪ್" ಎಂದಳು. "ಐದು ವರ್ಷದವನು. ಅವನಿಗೆ ಗೋರಿ ಇಲ್ಲ."

ಪ್ರಾರ್ಥನೆ ಮುಗಿದ ಮೇಲೆ ಮಂಡಿಯೂರಿ ಕೂತು, ಚೀಲದಿಂದ ಎಲ್ಲಕ್ಕಿಂತ ದಪ್ಪನೆಯ ಹಣ್ಣನ್ನು ಆರಿಸಿ ಮಣ್ಣಿನ ಮೇಲಿಟ್ಟಳು. ಎರಡನೆಯದನ್ನು ಅಮ್ಮನಿಗೆಂದು ಅದರ ಪಕ್ಕದಲ್ಲಿ. ಆಮೇಲೆ ನಮಗೆ ಒಂದೊಂದು ಕೊಟ್ಟು, ತಾನೂ ತಿಂದಳು.

"ಅಮ್ಮ ಮಾಡಿದ್ದು ಸರಿ ಅಂತ ನಾನು ಹೇಳ್ತಿಲ್ಲ" ಎಂದಳು, ಯಾರೋ ವಾದಕ್ಕೆ ಬಂದಿದ್ದಾರೇನೋ ಎಂಬಂತೆ. "ನನಗೆ ಇನ್ನೂ ಕೋಪ ಇದೆ. ಆದ್ರೆ ಅವನಿಗೆ ಕೊಡೋಕೆ ಇನ್ಮೇಲೆ ನಾನೊಬ್ಬಳೇ ಇರೋದು."

ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ಒಬ್ಬಳೇ ಯಾಕಂತೆ?" ಎಂದರು ಅತ್ತೆ.

ಸೆಪ್ಟೆಂಬರಿನಲ್ಲಿ ಅತ್ತೆ ಮೈಸೂರಿಗೆ, ದೊಡ್ಡ ಮಗನ ಮನೆಗೆ ಮರಳಿದರು. ಆಂಟಿಯ ಮನೆಗೆ ಬೇರೆಯವರು ಬಂದರು. ನೋರಾ ಪ್ರತಿ ಆಗಸ್ಟ್ ಲೆಮಿಂಗ್ಟನ್ ಸ್ಪಾದಿಂದ ಬರುತ್ತಾಳೆ, ಹಬ್ಬದ ರಾತ್ರಿ ನಮ್ಮಲ್ಲೇ ಉಳಿದು ಮಾರನೆಯ ದಿನ ಸ್ಮಶಾನಕ್ಕೆ ಹೋಗುತ್ತಾಳೆ. ನಾನೂ ಅಲ್ಲಿಯವರೆಗೆ ದ್ರಾಕ್ಷಿ ತಿನ್ನುವುದಿಲ್ಲ. ನನಗೆ ಇದೇನೂ ದೊಡ್ಡ ತ್ಯಾಗವಲ್ಲ, ಅಂಗಡಿಯಲ್ಲಿ ವರ್ಷವಿಡೀ ಸಿಗುತ್ತದೆ.

ಮೈಸೂರಿನಲ್ಲಿ ಹಾಗಲ್ಲ. ಅಲ್ಲಿ ದ್ರಾಕ್ಷಿಯ ಕಾಲ ಶಿವರಾತ್ರಿಯ ಆಚೀಚೆ. ತಳ್ಳುಗಾಡಿಗಳ ತುಂಬ ಬರುತ್ತದೆ, ಮನೆಮಂದಿಯೆಲ್ಲ ತಿನ್ನುತ್ತಾರೆ. ಅತ್ತೆ ತಿನ್ನುವುದಿಲ್ಲವೆಂದು ಓರಗಿತ್ತಿ ಫೋನಿನಲ್ಲಿ ದೂರು ಹೇಳಿದಾಗಲೇ ನನಗೆ ತಿಳಿದದ್ದು. ಕೇಳಿದರೆ, "ಹಬ್ಬ ಆಗಿಲ್ಲ" ಎನ್ನುತ್ತಾರಂತೆ. ಯಾವ ಹಬ್ಬವೆಂದು ಅವರಿಗೆ ಅರ್ಥವೇ ಆಗಿಲ್ಲ. ಶ್ರಾವಣದ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಎಲ್ಲೋ ಒಂದಿಷ್ಟು ಸಿಕ್ಕರೆ ಉಂಟು, ಅದನ್ನು ಹುಡುಕಿಸಿ ತರಿಸಿ ಇಟ್ಟುಕೊಂಡು ಕೂರುತ್ತಾರಂತೆ.

ಈ ಆಗಸ್ಟಿನಲ್ಲೂ ನಾನು, ನೋರಾ ಸ್ಮಶಾನದಲ್ಲಿದ್ದಾಗಲೇ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ಆಯ್ತೇನೇ? ಹಾಗೋಪಂಗೆ ಕೊಟ್ರಾ?"

ನೋರಾಗೆ ಆ ಒಂದು ಹೆಸರು ಸಾಕು. ಫೋನಿನ ಹತ್ತಿರ ಬಾಗಿ, ನಾನು ಕಲಿಸಿಕೊಟ್ಟಿದ್ದ ಎರಡೇ ಎರಡು ಕನ್ನಡದ ಮಾತು ಹೇಳಿದಳು. "ಕೊಟ್ಟೆ, ಅಮ್ಮಾ."

"ಸರಿ ಮಗಾ. ಹಂಗಾದ್ರೆ ನಾನು ತಿಂತೀನಿ."

ಆ ಕಡೆ ಹಣ್ಣು ಅಗಿಯುವ ಸದ್ದು ಬಂತು. ನಾವಿಬ್ಬರೂ ಕಾದೆವು.

"ಹುಳಿ ಕಣೇ" ಎಂದರು ಅತ್ತೆ.